‘ಕೇಳು’ ಎಂಬ ಕ್ರಿಯಾಪದ ಮಸ್ಕತ್‌ಗೆ ಹೋಗಿ ಬಂದದ್ದು

ಮಸ್ಕತ್‌ನಲ್ಲಿ ನಾನಿದ್ದದ್ದು ಐದು ದಿನವೋ ಆರು ದಿನವೋ ಎಂಬುದನ್ನು ಪಾಸ್‌ಪೋರ್ಟಿನ ಮುದ್ರೆ ನೋಡಿಯೇ ಹೇಳಬೇಕು. ಡೈರಿ ಬರೆದಿದ್ದೇನೆ. ಆದರೆ ಎರಡನೆಯ ದಿನದ ಪುಟದಲ್ಲಿ ಸಿಟ್ಟಿನಿಂದ ಗೀಚಿದ ನಾಲ್ಕು ಸಾಲು ಬಿಟ್ಟರೆ ಏನೂ ಇಲ್ಲ, ಉಳಿದದ್ದು ಊರಿಗೆ ಬಂದ ಮೇಲೆ ತುಂಬಿಸಿದ್ದು. ಸಭೆಯ ಕೋಣೆಯಲ್ಲಿ ನೀಲಿ ಪರದೆ ಇತ್ತು ಎಂದು ಬರೆದಿದ್ದೇನೆ. ಜೊತೆಗೆ ಬಂದಿದ್ದ ಐವನ್ ಸರ್ ಅಲ್ಲಿ ಪರದೆಯೇ ಇರಲಿಲ್ಲ ಎನ್ನುತ್ತಾರೆ. ಯಾರು ಯಾವ ದಿನ ಯಾವ ಮಾತು ಆಡಿದರು ಎನ್ನುವಲ್ಲಿಯೂ ಹೆಚ್ಚುಕಡಿಮೆ ಆಗಿರಬಹುದು. ಓದುವವರು ನನ್ನನ್ನು ಅಷ್ಟಕ್ಕಷ್ಟೇ ನಂಬಿದರೆ ಸಾಕು. ಈ ಪ್ರವಾಸದಲ್ಲಿ ನನಗೆ ಖಂಡಿತವಾಗಿ ನೆನಪಿರಬೇಕಾಗಿದ್ದದ್ದು ಒಂದೇ ಒಂದು ಶಬ್ದ. ಅದೇ ನೆನಪಿಲ್ಲ.

ಬಜಪೆ

ನಾನು ಮಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಮಾಡುವವಳು. ಬಿ.ಕಾಂ. ಆಗಲಿ, ಬಿ.ಎಸ್ಸಿ. ಆಗಲಿ, ಪದವಿಗೆ ಬಂದ ಎಲ್ಲರೂ ಕಲಿಯಲೇಬೇಕಾದ ಸಾಮಾನ್ಯ ಶಿಕ್ಷಣದ ಗುರಿಗಳು ಎಂದು ನಮ್ಮಲ್ಲಿ ಒಂದು ಪಟ್ಟಿ ಉಂಟು. ಅದನ್ನು ಪರಿಷ್ಕರಿಸಲು ಒಂದು ಸಮಿತಿ, ಆ ಸಮಿತಿಯಲ್ಲಿ ನಾನು. ಹನ್ನೊಂದು ಗುರಿಗಳನ್ನು ಏಳಕ್ಕೆ ಇಳಿಸಬೇಕು. ಪ್ರತಿಯೊಂದೂ ಅಳೆಯಲಿಕ್ಕೆ ಸಿಗುವಂಥ ಕ್ರಿಯಾಪದದಿಂದ ಮುಗಿಯಬೇಕು. ‘ತಿಳಿಯುತ್ತಾರೆ’, ‘ಅರಿಯುತ್ತಾರೆ’ ನಿಷಿದ್ಧ. ‘ಪಟ್ಟಿ ಮಾಡುತ್ತಾರೆ’, ‘ಗುರುತಿಸುತ್ತಾರೆ’ ಆಗಬಹುದು. ‘ಮೆಚ್ಚುತ್ತಾರೆ’ ಎಂಬುದನ್ನು ಅಳೆಯುವುದು ಹೇಗೆ ಎಂದು ಒಂದಿಡೀ ಮಧ್ಯಾಹ್ನ ಚರ್ಚಿಸಿದೆವು. ನಡುವೆ ಚಹಾದ ಜೊತೆ ಗೋಳಿಬಜೆ ಬಂತು. ಎಲ್ಲರೂ ಮೆಚ್ಚಿದರು, ಯಾರೂ ಅಳೆಯಲಿಲ್ಲ.

ಏಳನೆಯ ಗುರಿ ನನ್ನದು. ನಾಲ್ಕು ವರ್ಷಗಳಿಂದ ನಾನೊಂದು ತರಗತಿ ನಡೆಸುತ್ತಿದ್ದೇನೆ. ಮಕ್ಕಳು ಬಂದರಿಗೋ ಮಣ್ಣಗುಡ್ಡಕ್ಕೋ ಹೋಗಿ ತಮಗಿಂತ ಹಿರಿಯರೊಬ್ಬರ ಎದುರು ಒಂದು ಗಂಟೆ ಕೂರಬೇಕು. ಮೊಬೈಲ್ ಇಲ್ಲ, ಪುಸ್ತಕ ಇಲ್ಲ. ಕೇಳಿಸಿಕೊಂಡು ಬಂದು ನೆನಪಿನಿಂದ ಬರೆಯಬೇಕು. ಬರೆದದ್ದನ್ನು ತಿರುಗಿ ಹೋಗಿ ಅವರಿಗೆ ಓದಿ ಹೇಳಬೇಕು. ಬಂದರಿನ ಗೋದಾಮಿನಲ್ಲಿ ತೂಕದ ಕೆಲಸ ಮಾಡಿದ ಒಬ್ಬ ಬ್ಯಾರಿ ಅಜ್ಜ ನನ್ನ ವಿದ್ಯಾರ್ಥಿನಿಗೆ, “ನಾನು ಹೇಳಿದ್ದನ್ನು ಸರಿ ಬರೆದಿದ್ದಿ ಮೋಳೆ, ಆದರೆ ಹೇಳದೆ ಬಿಟ್ಟದ್ದನ್ನೂ ಬರೆದಿದ್ದಿಯಲ್ಲ!” ಎಂದಿದ್ದರು. ಏಳನೆಯ ಗುರಿ ಪಟ್ಟಿಯಲ್ಲಿ ಉಳಿದರೆ ಈ ತರಗತಿ ಉಳಿಯುತ್ತದೆ. ಹೋದರೆ ವೇಳಾಪಟ್ಟಿಯಿಂದ ಅದೂ ಹೋಗುತ್ತದೆ.

ಮಸ್ಕತ್‌ನ ಒಂದು ವಿಶ್ವವಿದ್ಯಾಲಯವೂ ಇದೇ ಕೆಲಸದಲ್ಲಿತ್ತು. ಎರಡೂ ಪಟ್ಟಿಗಳನ್ನು ಹೊಂದಿಸಿಕೊಂಡರೆ ಅಲ್ಲಿಯ ಮಕ್ಕಳು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಒಂದು ಸೆಮಿಸ್ಟರ್ ಬಂದು ಹೋಗಬಹುದು. ಹಾಗೆ ಸಮಿತಿಯ ಸಂಚಾಲಕರಾದ ಐವನ್ ಸರ್ ಮತ್ತು ನಾನು ಹೊರಟದ್ದು. ಐವನ್ ಸರ್ ಕಾಮರ್ಸಿನವರು. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಸಿಟ್ಟು ಬಂದಾಗ ತುಳು.

ಗುರಿಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಬೇಕೆಂದು ನಿಯಮ. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ಇಳಿಸಿದರು. ಕನ್ನಡದಲ್ಲೇ ಬರೆದವಳು ನಾನೊಬ್ಬಳು. ಒಂದು ಹಾಳೆಯಲ್ಲಿ ಪೆನ್ನಿನಿಂದ ಬರೆದು, ಇಂಗ್ಲಿಷ್ ಮಾಡಿಕೊಡಲು ಕದ್ರಿಯಲ್ಲಿರುವ ನನ್ನ ಸೋದರಮಾವನಿಗೆ ಕೊಟ್ಟೆ. ಮಾವ ನಿವೃತ್ತ ಇಂಗ್ಲಿಷ್ ಉಪನ್ಯಾಸಕರು. ಎರಡೂ ಭಾಷೆಗಳನ್ನು ಟೈಪ್ ಮಾಡಿ ನೇರವಾಗಿ ಐವನ್ ಸರ್‌ಗೆ ಕಳಿಸಿದರು. ಹೊರಡುವ ದಿನ ಪುಸ್ತಿಕೆ ಅಚ್ಚಾಗಿ ನೇರ ಬಜಪೆಯ ವಿಮಾನ ನಿಲ್ದಾಣಕ್ಕೇ ಬಂತು, ಕಟ್ಟು ಬಿಚ್ಚದೆಯೇ ಸೂಟ್‌ಕೇಸಿಗೆ ಹೋಯಿತು. ನಾನು ಓದಲಿಲ್ಲ. ಮಾವ ಮಾಡಿದ್ದು ಎಂಬ ಧೈರ್ಯ.

ಮಸ್ಕತ್, ಮೊದಲ ದಿನ

ಹೊರಗೆ ಬೆಂಕಿ, ಒಳಗೆ ಹಿಮ. ಅತಿಥಿಗೃಹದ ಎ.ಸಿ.ಗೆ ನನ್ನ ಮೇಲೆ ಏನೋ ಹಗೆ ಇತ್ತು. ಗುಂಡಿ ಒತ್ತಿದಷ್ಟೂ ತಣ್ಣಗಾಗುತ್ತಿತ್ತು. ನಲವತ್ತು ಡಿಗ್ರಿಯ ಊರಿನಲ್ಲಿ ಶಾಲು ಕೊಳ್ಳಲು ಹೊರಟವಳು ಅಂದು ನಾನೊಬ್ಬಳೇ ಇರಬೇಕು.

ಅಂಗಡಿ ರಸ್ತೆಯ ಆಚೆ ಬದಿ. ಪಟ್ಟೆ ಹಾಕಿದ ಜಾಗದಲ್ಲಿ ನಿಂತೆ. ಒಂದು ಕಾರು ಬಂದು ನಿಂತಿತು. ಅದು ಹೋಗಲಿ ಎಂದು ನಾನು ಕಾದೆ. ನಾನು ಹೋಗಲಿ ಎಂದು ಅದು ಕಾಯಿತು. ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಯಾರೂ ಹಾರ್ನ್ ಹಾಕಲಿಲ್ಲ, ಅದೇ ಹೆದರಿಕೆ. ನಮ್ಮ ಹಂಪನಕಟ್ಟೆಯಲ್ಲಿ ಬಸ್ಸಿನ ಕಂಡಕ್ಟರ್ ಬಾಗಿಲು ಬಡಿದು ಬೈದರೆ ಅವನು ನನ್ನನ್ನು ನೋಡಿದ್ದಾನೆ ಎಂದು ಗೊತ್ತಾಗುತ್ತದೆ, ದಾಟಬಹುದು. ಇಲ್ಲಿ ಗಾಜಿನೊಳಗಿನ ಮನುಷ್ಯ ಸುಮ್ಮನೆ ಕೈ ಎತ್ತಿ ಕೂತಿದ್ದ. ಕೊನೆಗೆ ಐವನ್ ಸರ್ ಹಿಂದಿನಿಂದ, “ದಾಟಿ ಮಾರಾಯ್ರೆ, ಅವರ ಪೆಟ್ರೋಲ್ ಮುಗಿದೀತು!” ಎಂದು ಕೂಗಿದ ಮೇಲೆ ಓಡಿದೆ. ಸೀರೆ ಕಾಲಿಗೆ ಸಿಕ್ಕಿ ಚಪ್ಪಲಿ ರಸ್ತೆಯ ನಡುವೆ ಬಿತ್ತು. ಅದನ್ನು ಹೆಕ್ಕುವವರೆಗೂ ಸಾಲಿಗೆ ಸಾಲೇ ಕಾದಿತ್ತು.

ಸಂಜೆ, ಅಲ್ಲಿಯ ಸಮಿತಿಯ ಮುಖ್ಯಸ್ಥೆ ಡಾ. ಅಮಲ್ ಅವರ ಕಚೇರಿಯಲ್ಲಿ ಕಾಫಿ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಏಲಕ್ಕಿಯ ಪರಿಮಳ, ಜೊತೆಗೆ ಖರ್ಜೂರ. ಕುಡಿದು ಇಟ್ಟೆ. ಮತ್ತೆ ತುಂಬಿಸಿದರು. ತಂದದ್ದನ್ನು ಬಿಡಬಾರದೆಂದು ಮನೆಯಲ್ಲಿ ಕಲಿಸಿದ್ದಾರಲ್ಲ, ಕುಡಿದೆ. ಮತ್ತೆ ಬಂತು. ಐದನೆಯದೋ ಆರನೆಯದೋ ಆದಾಗ ಎದೆ ಡಬಡಬ ಎನ್ನತೊಡಗಿತು. ಸಾಕೆನ್ನುವುದಕ್ಕೆ ಬಟ್ಟಲನ್ನು ಎಡಬಲ ಸ್ವಲ್ಪ ಅಲುಗಿಸಿ ಕೊಡಬೇಕಂತೆ. ಐವನ್ ಸರ್‌ಗೆ ಅದು ಗೊತ್ತಿತ್ತು. “ನೀವು ಕೇಳಲಿಲ್ಲ, ನಾನು ಹೇಳಲಿಲ್ಲ” ಎಂದರು.

ಎರಡನೆಯ ದಿನ, ಸಭೆ

ಪುಸ್ತಿಕೆ ನನ್ನ ಕೈಗೆ ಬಂದದ್ದು ಆ ಬೆಳಿಗ್ಗೆ, ಎಲ್ಲರ ಕೈಗೂ ಬಂದಾಗಲೇ. ಡಾ. ಅಮಲ್ ಪುಟ ತಿರುಗಿಸುತ್ತಾ, “ನಿಮ್ಮ ಏಳನೆಯದು ಬಹಳ ಕುತೂಹಲದ್ದು” ಎಂದರು. ನನಗೆ ಖುಷಿಯಾಯಿತು. ಆಮೇಲೆ ಓದಿದೆ. ‘ಸ್ಟೂಡೆಂಟ್ಸ್ ವಿಲ್ ಲರ್ನ್ ಟು ಒಬೇ ದೇರ್ ಎಲ್ಡರ್ಸ್.’

ಮಕ್ಕಳು ಹಿರಿಯರಿಗೆ ವಿಧೇಯರಾಗಲು ಕಲಿಯುತ್ತಾರೆ! ಎದುರಿನ ಕನ್ನಡ ಸಾಲು ನೋಡಿದೆ: ‘ವಿದ್ಯಾರ್ಥಿಗಳು ಹಿರಿಯರ ಮಾತನ್ನು ಕೇಳಲು ಕಲಿಯುತ್ತಾರೆ.’ ಆ ಕನ್ನಡಕ್ಕೆ ಆ ಇಂಗ್ಲಿಷ್ ತಪ್ಪೆಂದು ಹೇಳುವ ಹಾಗೂ ಇಲ್ಲ. ನಮ್ಮ ಮನೆಗಳಲ್ಲಿ ‘ಮಾತು ಕೇಳು’ ಎಂದು ಗದರಿದರೆ ಯಾರೂ ಕಿವಿಯ ಬಗ್ಗೆ ಮಾತಾಡುತ್ತಿರುವುದಿಲ್ಲ.

ಆದರೆ ನಾನು ಬರೆದದ್ದು ‘ಕೇಳಿಸಿಕೊಳ್ಳಲು’ ಎಂದು. ಹಾಗೆಂದು ನನ್ನ ನೆನಪು.

ಬಾಯಿ ತೆರೆಯುವಷ್ಟರಲ್ಲಿ ಅವರಲ್ಲೊಬ್ಬರು, ಇದು ಅಳೆಯಲು ಸುಲಭ ಎಂದುಬಿಟ್ಟರು. ಸೂಚನೆ ಕೊಡುವುದು, ಪಾಲಿಸಿದರೆ ಹೌದು, ಪಾಲಿಸದಿದ್ದರೆ ಇಲ್ಲ. ಇನ್ನೊಬ್ಬರು ತಲೆಯಾಡಿಸಿದರು. ಒಂದು ವರ್ಷದಿಂದ ನಮ್ಮ ಸಮಿತಿಯಲ್ಲಿ ಒದ್ದಾಡುತ್ತಿದ್ದ ಏಳನೆಯ ಗುರಿ ಮಸ್ಕತ್‌ನಲ್ಲಿ ಎರಡು ನಿಮಿಷದಲ್ಲಿ ಪಾಸಾಯಿತು.

ವಿರಾಮದಲ್ಲಿ ಐವನ್ ಸರ್ ಅವರ ಹಿಂದೆ ಬಿದ್ದೆ.

“ಸರ್, ಅದು ತಪ್ಪು ಅನುವಾದ. ಹೇಳ್ಬೇಕು.”

“ಶಾಲಿನಿ ಮೇಡಂ, ಪಾಸಾದದ್ದನ್ನು ಫೇಲ್ ಮಾಡ್ಲಿಕ್ಕೆ ಇಷ್ಟು ದೂರ ಬಂದದ್ದಾ ನೀವು?”

“ವಿಧೇಯತೆ ಕಲಿಸುವುದು ನನ್ನ ತರಗತಿ ಅಲ್ಲ.”

“ತರಗತಿ ಉಳೀತದಲ್ಲ. ಒಳಗೆ ನೀವು ಎಂತ ಬೇಕಾದ್ರೂ ಮಾಡಿ, ಯಾರು ನೋಡ್ಲಿಕ್ಕೆ ಬರ್ತಾರೆ?” ಎಂದು ಖರ್ಜೂರದ ಬೀಜ ಉಗಿದರು. “ಈಗ ‘ಕೇಳಿಸಿಕೊಳ್ಳುವುದು’ ಅಂತ ಮಾಡಿದ್ರೆ ಅದನ್ನು ಅಳೆಯುವುದು ಹೇಗೆ ಅಂತ ಕೇಳ್ತಾರೆ. ನಿಮ್ಮತ್ರ ಉತ್ತರ ಉಂಟಾ?”

ಹಿಂದಿರುಗಿ ಹೋಗಿ ಡೈರಿ ತೆರೆದೆ. ಸಿಟ್ಟಿನ ಆ ನಾಲ್ಕು ಸಾಲು ಅಂದಿನದು. ಅದರಲ್ಲಿ ಎರಡು ಮಾವನ ಮೇಲೆ, ಒಂದು ಐವನ್ ಸರ್ ಮೇಲೆ, ಒಂದು ಆ ಎ.ಸಿ.ಯ ಮೇಲೆ. ನನ್ನ ಮೇಲೆ ಒಂದೂ ಇಲ್ಲ. ಈಗ ಓದಿದರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ, ಮತ್ರಾ

ಸಭೆ ಇರಲಿಲ್ಲ. ಮತ್ರಾ ಎಂಬ ಹಳೆಯ ಬಂದರಿಗೆ ಮೀನು ನೋಡಲು ಹೋದೆವು. ಮಂಗಳೂರಿನವರು ಬೇರೆ ಊರಿಗೆ ಹೋದರೆ ಮೊದಲು ನೋಡುವುದು ಅಲ್ಲಿಯ ಮೀನನ್ನು, ಆಮೇಲೆ ಮ್ಯೂಸಿಯಂ. ಮಾರುಕಟ್ಟೆ ತೊಳೆದಿಟ್ಟ ಹಾಗಿತ್ತು. ನಾನು ನೋಡಿದಷ್ಟು ಹೊತ್ತು ಮಾರುತ್ತಿದ್ದವರೆಲ್ಲ ಗಂಡಸರು, ಅದೂ ಮೆಲುದನಿಯಲ್ಲಿ. ನಮ್ಮ ಬಂದರಿನಲ್ಲಿ ಮೀನಿನ ಹೆಂಗಸರು ಒಂದು ಬಂಗುಡೆಗಾಗಿ ನಮ್ಮ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಾರೆ. ಇಲ್ಲಿ ಬೆಲೆ ಹೇಳಿ ಸುಮ್ಮನಾಗುತ್ತಾರೆ. ಜಗಳವಿಲ್ಲದೆ ಮೀನು ಕೊಂಡರೆ ಕೊಂಡ ಹಾಗೆಯೇ ಆಗುವುದಿಲ್ಲ.

ಒಬ್ಬಾತ ದೊಡ್ಡ ಅಂಜಲನ್ನು ಎತ್ತಿ ತೋರಿಸಿ, ನನ್ನ ಮುಖ ನೋಡಿ, “ಕನ್ಅದ್?” ಎಂದ.

ಪರದೇಶದಲ್ಲಿ ಒಬ್ಬ ಮೀನು ಮಾರುವವನು ನನ್ನ ಭಾಷೆ ಗುರುತಿಸಿದ್ದಾನೆ! ಎದೆ ತುಂಬಿ, “ಹೌದು, ಹೌದು, ಕನ್ನಡ! ಮಂಗಳೂರು!” ಎಂದೆ. ಅವನು ಸಂತೋಷದಿಂದ ಮೀನನ್ನು ಹಲಗೆಯ ಮೇಲಿಟ್ಟು ತುಂಡು ಮಾಡತೊಡಗಿದ. ಅಲ್ಲಿ ಅಂಜಲ್ ಮೀನಿನ ಹೆಸರೇ ‘ಕನ್ಅದ್’. ಬೇಡ ಎನ್ನಲು ಮುಖ ಬರಲಿಲ್ಲ. ಅಡುಗೆಮನೆಯಿಲ್ಲದ ಅತಿಥಿಗೃಹಕ್ಕೆ ಒಂದು ಚೀಲ ಹಸಿ ಅಂಜಲ್ ಹಿಡಿದುಕೊಂಡು ಬಂದೆ. ಐವನ್ ಸರ್ ದಾರಿಯುದ್ದಕ್ಕೂ, “ಕನ್ನಡ ಮೇಡಂ, ಕನ್ನಡಕ್ಕೆ ವಾಸನೆ ಬರ್ತಾ ಉಂಟು” ಎಂದು ಗೋಳು ಹೊಯ್ದುಕೊಂಡರು. ಮೀನನ್ನು ಕಾವಲಿನವರಿಗೆ ಕೊಟ್ಟೆವು. ಅವರು ಸುಖವಾಗಿ ಉಂಡಿರಬೇಕು.

ಮಾವನಿಗೆ ಫೋನ್ ಮಾಡಿದ್ದು ಆ ಮಧ್ಯಾಹ್ನವೇ ಎಂದು ತೋರುತ್ತದೆ. ನಾವು ಮಾತಾಡುವುದು ತುಳುವಿನಲ್ಲಿ. ತುಳುವಿನಲ್ಲಿ ಸೋದರಮಾವ ಎಂದರೆ ತಮ್ಮಲೆ, ಮತ್ತು ತಮ್ಮಲೆ ಎಂದರೆ ಮನೆಯ ಕೊನೆಯ ಮಾತು. ನಾನು ವಿಜ್ಞಾನ ಬಿಟ್ಟು ಕನ್ನಡ ತೆಗೆದುಕೊಂಡಾಗ ಅಮ್ಮ ಅತ್ತದ್ದು ನನ್ನ ಭವಿಷ್ಯಕ್ಕಾಗಿ ಅಲ್ಲ, ‘ತಮ್ಮಲೆಯ ಮಾತು ಕೇಳಲಿಲ್ಲ’ ಎಂದು. ಮಾವನ ಕಿಸೆಯಲ್ಲಿ ಯಾವಾಗಲೂ ಕೆಂಪು ಪೆನ್ನು. ನಮ್ಮ ಮದುವೆಯ ಕಾಗದ ಅಚ್ಚಾಗಿ ಬಂದ ಮೇಲೆ ಇನ್ನೂರು ಪ್ರತಿಗಳಲ್ಲೂ ಕೂತು ಒಂದು ದೀರ್ಘ ತಿದ್ದಿದವರು ಅವರು.

“ಮಾವ, ನನ್ನ ಕಾಗದದಲ್ಲಿ ‘ಕೇಳಿಸಿಕೊಳ್ಳಲು’ ಅಂತ ಇತ್ತಲ್ವಾ?”

“ಎಂತದು?”

“ಕೇಳಿಸಿಕೊಳ್ಳಲು!”

“ಕೇಳುವುದಿಲ್ಲ ಮಗಾ, ಜೋರಾಗಿ ಹೇಳು.”

ಮೂರು ಸಲ ಹೇಳಿದೆ. ಸಮುದ್ರದ ಗಾಳಿಯ ಸದ್ದೋ, ಅವರ ಕಿವಿಯೋ.

“ಹಿರಿಯರ ಮಾತು ಕೇಳುವುದಕ್ಕೆ ಇಂಗ್ಲಿಷಿನಲ್ಲಿ ಒಬೇ ಅಂತಲೇ ಹೇಳುವುದು. ಮೂವತ್ತೆರಡು ವರ್ಷ ಕಲಿಸಿದ್ದೇನೆ. ಈಗ ನೀನು ನನಗೆ ಕಲಿಸ್ತೀಯಾ?” ಎಂದರು. ಅದರ ಹಿಂದೆಯೇ, “ಅಲ್ಲಿ ಅಂಜಲ್ ಸಿಗ್ತದಾ?” ಎಂದು ಕೇಳಿದರು.

ನಾಲ್ಕನೆಯ ದಿನ, ಅಮಲ್ ಅವರ ಮನೆ

ಊಟಕ್ಕೆ ಕರೆದಿದ್ದರು. ಈ ಸಲ ಎರಡನೆಯ ಬಟ್ಟಲಿಗೇ ಅಲುಗಿಸಿದೆ. ಜೋರಾಗಿ ಅಲುಗಿಸಿದೆನೋ ಏನೋ, ಅವರ ತಾಯಿಗೆ ನಗು ಬಂತು.

ಕಾಫಿಯಾದ ಮೇಲೆ ಆ ತಾಯಿ ನನ್ನ ಕಡೆ ತಿರುಗಿ ಅರಬ್ಬಿಯಲ್ಲಿ ಏನೋ ಕೇಳಿದರು. “ಏನು ಸುದ್ದಿ ಎಂದು ಕೇಳುತ್ತಿದ್ದಾರೆ” ಎಂದರು ಅಮಲ್. ನಾನು ಕೂಡಲೇ ಸಮಿತಿ, ಪಟ್ಟಿ, ಏಳನೆಯ ಗುರಿ ಎಂದು ಶುರುಮಾಡಿದೆ. ಅಮಲ್ ನಕ್ಕು ತಡೆದರು. “ಹಾಗಲ್ಲ. ಮೊದಲು ಸುದ್ದಿ ಏನೂ ಇಲ್ಲ, ಎಲ್ಲ ಒಳ್ಳೆಯದು ಎನ್ನಬೇಕು. ಅವರು ಮತ್ತೆ ಕೇಳುತ್ತಾರೆ. ಆಮೇಲೆ ಹೇಳಿ.” ಅವರ ಅಜ್ಜನ ಕಾಲದಲ್ಲಿ ದೂರದಿಂದ ಬಂದವನ ಸುದ್ದಿ ಕೇಳುವುದೇ ಒಂದು ಕ್ರಮವಾಗಿತ್ತಂತೆ. ಅವನು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕುವ ಹಾಗಿಲ್ಲ. ನಮ್ಮಲ್ಲಿ ಬಂದವರಿಗೆ ಬೆಲ್ಲ, ನೀರು ಕೊಟ್ಟು ನಮ್ಮ ಸುದ್ದಿಯನ್ನು ಅವರ ಮೇಲೆ ಸುರಿಯುತ್ತೇವೆ.

“ಸುದ್ದಿ ಏನೂ ಇಲ್ಲ, ಎಲ್ಲ ಒಳ್ಳೆಯದು” ಎಂದೆ. ಆ ತಾಯಿ ಮತ್ತೆ ಕೇಳಿದರು. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಐವನ್ ಸರ್ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರು. ಅನುವಾದ ತಪ್ಪು, ನನ್ನದು ಕಿವಿಯ ವಿಷಯ, ವಿಧೇಯತೆಯದ್ದಲ್ಲ, ಆದರೆ ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ ಎಂದೆ.

ಅಮಲ್ ಯೋಚಿಸಿದರು. “ನಮ್ಮಲ್ಲೂ ‘ಕೇಳಿದೆ, ವಿಧೇಯಳಾದೆ’ ಎಂದು ಒಟ್ಟಿಗೇ ಹೇಳುತ್ತೇವೆ. ಆದರೆ ಶಬ್ದ ಎರಡಿವೆ. ನಿಮ್ಮಲ್ಲಿ ಪಾಪ, ಒಂದೇ ಶಬ್ದ ಎರಡು ಕೆಲಸ ಮಾಡುತ್ತದೆ.”

“ಮೂರು” ಎಂದೆ. “ಪ್ರಶ್ನೆ ಕೇಳುವುದಕ್ಕೂ ಅದೇ.”

“ಹಾಗಾದರೆ ಸಂಬಳ ಹೆಚ್ಚು ಕೊಡಿ” ಎಂದು ನಕ್ಕರು.

ಐದನೆಯ ದಿನ, ಮತ್ತೆ ಸಭೆ

ಐವನ್ ಸರ್ ಹೇಳಿದಂತೆಯೇ ಆಯಿತು. ‘ಕೇಳಿಸಿಕೊಳ್ಳುತ್ತಾರೆ’ ಎಂದು ತಿದ್ದಿದ ಕೂಡಲೇ, ಅಂದು ಅಳೆಯಲು ಸುಲಭ ಎಂದವರೇ, “ಅದನ್ನು ಅಳೆಯುವುದು ಹೇಗೆ?” ಎಂದರು.

ಬಂದರಿನ ಅಜ್ಜನ ಕಥೆ ಹೇಳಿದೆ. ವಿದ್ಯಾರ್ಥಿ ಬರೆದದ್ದನ್ನು ಓದಿ ಹೇಳಿದಾಗ, ಹೇಳಿದವರು ‘ಹೌದು, ನಾನು ಹೇಳಿದ್ದು ಇದೇ’ ಎಂದರೆ ಕೇಳಿಸಿಕೊಂಡ ಹಾಗೆ. ‘ಅಲ್ಲ’ ಎಂದರೆ ಇಲ್ಲ. ಅದಕ್ಕಿಂತ ಒಳ್ಳೆಯ ಅಳತೆ ಯಾವುದು?

“ಅಂದರೆ ಮೌಲ್ಯಮಾಪನ ಮಾಡುವವರು ಯಾರು?”

“ಆ ಅಜ್ಜ. ಇಲ್ಲವೇ ಮೀನು ಮಾರುವ ಹೆಂಗಸು.”

ಐವನ್ ಸರ್ ಕನ್ನಡದಲ್ಲಿ ಗೊಣಗಿದರು: “ಮೀನು ಮಾರುವವರು ಮಾರ್ಕು ಕೊಡುವುದಾ! ಒಳ್ಳೆದಾಯ್ತು.”

ಅಮಲ್‌ಗೆ ಅದು ಹಿಡಿಸಿತು. ಉಳಿದವರಿಗೆ ಹಿಡಿಸಲಿಲ್ಲ. ಕೊನೆಗೆ ಮೊದಲ ಆರು ಗುರಿಗಳು ಎರಡೂ ಕಡೆಗೆ ಸಾಮಾನ್ಯ, ಏಳನೆಯದನ್ನು ಮಂಗಳೂರಿನವರು ತಮ್ಮ ಶೈಕ್ಷಣಿಕ ಮಂಡಳಿಯಲ್ಲೇ ತೀರ್ಮಾನಿಸಲಿ ಎಂದು ಬರೆದು ಮುಗಿಸಿದರು. ಪಾಸಾದದ್ದನ್ನು ಫೇಲ್ ಮಾಡಿಸಿಕೊಂಡು ಬಂದವಳು ಎಂಬ ಹೆಸರು ನನಗೆ.

ಹಿಂದಿರುಗುವ ವಿಮಾನದಲ್ಲಿ ನಾನು ಐವನ್ ಸರ್ ಅವರ ಬೈಗುಳಕ್ಕೆ ತಯಾರಾಗಿದ್ದೆ. ಊಟದ ತಟ್ಟೆ ತೆಗೆದ ಮೇಲೆ ಹೇಳಿದರು.

“ನೋಡಿ, ಒಂದು ದಾರಿ ಉಂಟು. ನೀವು ಮೊದಲು ಕೈಯಲ್ಲಿ ಬರೆದ ಕಾಗದದಲ್ಲಿ ‘ಕೇಳಿಸಿಕೊಳ್ಳಲು’ ಅಂತಲೇ ಇದ್ರೆ, ಇದು ಬರೀ ಟೈಪಿಂಗ್ ತಪ್ಪು. ಮಂಡಳಿಗೆ ಕಾಗದ ತೋರಿಸಿ ತಿದ್ದಿಸಿಬಿಡ್ತೇನೆ, ಯಾರೂ ಎಂತ ಹೇಳ್ಲಿಕ್ಕಿಲ್ಲ. ‘ಕೇಳಲು’ ಅಂತ ಇದ್ರೆ ಮಾತ್ರ ಅದು ಹೊಸ ಪ್ರಸ್ತಾವ. ಮತ್ತೆ ಮೊದಲಿಂದ. ಈ ವರ್ಷ ನಿಮ್ಮ ತರಗತಿ ಇಲ್ಲ. ಕಾಗದ ಉಂಟಲ್ಲ?”

“ಮಾವನ ಹತ್ರ ಉಂಟು.”

“ಫೋಟೋ?”

ಫೋಟೋ ಇಲ್ಲ. ಮೊಬೈಲ್ ಇಲ್ಲದೆ ಕೇಳಿ, ನೆನಪಿನಿಂದ ಬರೆಯಿರಿ ಎಂದು ನಾಲ್ಕು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳ ಹತ್ತಿರ ಫೋಟೋ ಎಲ್ಲಿಂದ ಬರಬೇಕು? ಆ ಸಾಲು ಬರೆದ ಮೇಜು ನೆನಪಿದೆ. ಪೆನ್ನಿನ ಶಾಯಿ ನಡುವೆ ಮುಗಿದದ್ದು ನೆನಪಿದೆ. ಬೇರೆ ಪೆನ್ನು ತೆಗೆದುಕೊಂಡ ಮೇಲೆ ಸೋಮಾರಿತನದಿಂದ ಚಿಕ್ಕ ಶಬ್ದವನ್ನೇ ಬರೆದೆನೇ? ಬರೆದೇ ಇಲ್ಲವೆಂದು ಪ್ರಮಾಣ ಮಾಡು ಎಂದರೆ ನನ್ನಿಂದ ಆಗದು.

ಕದ್ರಿ

ಮರುದಿನವೇ ಮಾವನ ಮನೆಗೆ ಹೋದೆ. ಮಾವ ಪೇಪರ್ ಓದುತ್ತಿದ್ದರು. ಅತ್ತೆ ಖರ್ಜೂರದ ಡಬ್ಬಿ ತೆಗೆದುಕೊಂಡು, “ಬಿಸಿಲಿಗೆ ಕಪ್ಪಾಗಿದ್ದಿ” ಎಂದರು. ಅಲ್ಲಿ ನನಗೆ ತಾಗಿದ್ದು ಬರೀ ಚಳಿ ಎಂದು ಹೇಳಲು ಹೋಗಲಿಲ್ಲ. ಮಂಡಳಿಯ ಸಭೆ ಸೋಮವಾರ, ಕಾಗದ ಬೇಕು ಎಂದೆ. ಯಾಕೆ ಬೇಕೆಂಬುದನ್ನೂ ಪೂರ್ತಿ ಹೇಳಿದೆ.

“ಟೈಪ್ ಆದ ಮೇಲೆ ಆ ಚೀಟಿಯನ್ನೆಲ್ಲ ಯಾರು ಇಡ್ತಾರೆ?” ಎಂದರು ಮಾವ.

“ಇವರಾ?” ಎಂದರು ಅತ್ತೆ ಒಳಗಿನಿಂದ. “ಸುಳ್ಳು ಹೇಳ್ಬೇಡಿ ಮಾರಾಯ್ರೆ. ನನ್ನ ಅಪ್ಪ ನಿಮಗೆ ಬರೆದ ಮೊದಲ ಕಾಗದ ಸಹ ಉಂಟು ಆ ಕಪಾಟಿನಲ್ಲಿ, ಕೆಂಪು ಗೀಟು ಸಮೇತ.”

ಮಾವ ಪೇಪರನ್ನು ಮಡಚಿದರು. ಮಡಚಿದ್ದನ್ನು ಮತ್ತೊಮ್ಮೆ ಮಡಚಿದರು.

“ನೀನು ಎಂತ ಬರೆದಿದ್ದೆ ಅಂತ ನಿನಗೇ ಗೊತ್ತಿಲ್ವಾ?”

“ಗೊತ್ತಿಲ್ಲ ಮಾವ. ಅದಕ್ಕೇ ನಿಮ್ಮನ್ನು ಕೇಳುವುದು.”

“ನೀನು ಬರೆದದ್ದನ್ನು ನಾನು ಹಾಳು ಮಾಡಿದೆ ಅಂತ ಅಲ್ಲಿ ಎಲ್ಲರ ಎದುರು ಹೇಳಿ ಬಂದಿಯಾ?”

“ಅನುವಾದ ತಪ್ಪು ಅಂತ ಹೇಳಿದ್ದೇನೆ. ನಿಮ್ಮ ಹೆಸರು ಹೇಳಲಿಲ್ಲ.”

ಅವರು ಎದ್ದು ಕಪಾಟಿನ ಕೋಣೆಯ ಕಡೆ ನಡೆದರು. ಬಾಗಿಲ ತನಕ ಹೋಗಿ ಅಲ್ಲೇ ನಿಂತರು. ನನಗೆ ಬೆನ್ನು. ಆ ಕಾಗದದಲ್ಲಿ ಯಾವ ಶಬ್ದ ಇದೆಯೆಂದು ಅವರಿಗೆ ಗೊತ್ತಿದೆ ಎಂದು ಆಗ ನನಗೆ ಖಾತ್ರಿಯಾಯಿತು. ಅದು ನನ್ನ ತಪ್ಪನ್ನು ಮುಚ್ಚುವ ಮೌನವೋ, ಅವರದ್ದನ್ನೋ ಎಂಬುದು ಮಾತ್ರ ತಿಳಿಯಲಿಲ್ಲ. ತಪ್ಪು ನನ್ನದಾಗಿದ್ದರೆ ಅವರು ಕೆಂಪು ಗೀಟು ಹಾಕಿ ತಂದು ತೋರಿಸದೆ ಬಿಡುತ್ತಿದ್ದರೇ ಎಂದೂ ಅನ್ನಿಸಿತು. ಆದರೆ ಅದು ನನ್ನ ಅನ್ನಿಸಿಕೆ, ಮತ್ತು ನನ್ನ ಅನ್ನಿಸಿಕೆಗಳ ಗತಿಯನ್ನು ಮೊದಲೇ ಹೇಳಿದ್ದೇನೆ.

ಇವತ್ತು ಶನಿವಾರ. ಬೆಳಿಗ್ಗೆ ಐವನ್ ಸರ್ ಎರಡು ಸಲ ಫೋನ್ ಮಾಡಿ ಕಾಗದ ಸಿಕ್ಕಿತಾ ಎಂದು ವಿಚಾರಿಸಿದರು. ಇನ್ನೂ ಇಲ್ಲ ಎಂದೆ. ಅಂದು ಬಾಗಿಲಲ್ಲಿ ಬೆನ್ನು ಹಾಕಿ ನಿಂತವರನ್ನು ನಾನು ಕೇಳಿದ್ದು ಇಷ್ಟೇ, ಮತ್ತು ಇಷ್ಟು ಮಾತ್ರ ನನಗೆ ಅಕ್ಷರಶಃ ನೆನಪಿದೆ:

“ಮಾವ, ನನ್ನ ಕನ್ನಡವನ್ನೂ ತಿದ್ದಿದ್ರಾ?”